ಆಳುವವನ ವಿವೇಕ: ಗಡಿನಾಡಿನಲ್ಲಿ ಥಾಮಸ್ ಮನ್ರೋ

ದುಂಬಿಯು ಹೂವಿಗೆ ನೋವಾಗದಂತೆ ಮಧುವನ್ನು ಹೀರುವ ಹಾಗೆ ಅರಸನು ಪ್ರಜೆಗಳಿಂದ ಕಂದಾಯವನ್ನು ತೆಗೆಯಬೇಕೆಂಬುದು ನಮ್ಮ ನೀತಿಶಾಸ್ತ್ರದ ಹಳೆಯ ಮಾತು. ಶೌರ್ಯವು ರಾಜ್ಯವನ್ನು ಗೆಲ್ಲಬಲ್ಲುದು. ಗೆದ್ದುದನ್ನು ಬಾಳಿಸುವುದಕ್ಕೆ ವಿವೇಕ ಬೇಕು. ಎಷ್ಟು ಕೇಳಬಹುದು, ಯಾವಾಗ ಕೇಳಬಹುದು, ಕೇಳುವುದಕ್ಕೆ ಮೊದಲು ಏನನ್ನು ತಿಳಿದಿರಬೇಕು, ಇವನ್ನು ಬಲ್ಲವನೇ ವಿವೇಕಿ. ಈ ಗುಣವನ್ನು ಪರೀಕ್ಷಿಸಲು ನಮ್ಮ ಗಡಿಸೀಮೆಗಳ ಚರಿತ್ರೆಯಲ್ಲಿಯೇ ಒಂದು ನಿದರ್ಶನವಿದೆ. ಅದು ಪರದೇಶದವನೊಬ್ಬನದು, ಥಾಮಸ್ ಮನ್ರೋ ಎಂಬಾತನದು.

1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಹುಟ್ಟಿದ ಮನ್ರೋ 1780ರಲ್ಲಿ ಕುಂಪಣಿಯ ಸೈನ್ಯದ ಉಮೇದುವಾರನಾಗಿ ಮದ್ರಾಸಿಗೆ ಬಂದನು. ವಿಚಿತ್ರವೆಂದರೆ, ಇಂದು ಕರ್ನಾಟಕದ ಎಲ್ಲೆಯಾಚೆ ಉಳಿದಿರುವ ಕನ್ನಡ ಸೀಮೆಗಳಲ್ಲಿ ಹಲವು ಅವನ ಕೈಯ ಕೆಳಗೆ ಹಾದುಹೋದುವು. 1792ರಿಂದ 1799ರ ವರೆಗೆ ಹೊಸೂರಿನ ನೆರೆಯ ಬಾರಾಮಹಲಿನಲ್ಲಿ ಅವನು ಅಲೆಗ್ಸಾಂಡರ್ ರೀಡನ ಸಹಾಯಕನಾಗಿದ್ದನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಸರಗೋಡನ್ನು ಒಳಗೊಂಡ ಕೆನರಾ ಜಿಲ್ಲೆಗೆ ಹೋದನು. 1800ರಲ್ಲಿ ನಿಜಾಮನು ಕುಂಪಣಿಗೆ ಬಿಟ್ಟುಕೊಟ್ಟ ದತ್ತ ಮಂಡಲಕ್ಕೆ, ಎಂದರೆ ಆದೋನಿ, ರಾಯದುರ್ಗ, ಮಡಕಶಿರಾಗಳನ್ನು ಒಳಗೊಂಡ ಬಳ್ಳಾರಿ, ಅನಂತಪುರ, ಕಡಪೆಗಳ ವಿಶಾಲ ಪ್ರದೇಶಕ್ಕೆ, ಪ್ರಧಾನ ಕಲೆಕ್ಟರನಾಗಿ ಬಂದು 1807ರ ವರೆಗೆ ಇದ್ದನು.

ಅವನ ವಿವೇಕದ ಮೊದಲ ಲಕ್ಷಣವನ್ನು ಕೆನರಾದಲ್ಲಿ ಕಾಣುತ್ತೇವೆ. ಬಾರಾಮಹಲಿನಲ್ಲಿ ಏಳು ವರ್ಷ ಕಲಿತ ಪದ್ಧತಿಯನ್ನು ಅಲ್ಲಿಯೂ ಹಾಗೆಯೇ ಹೇರಿಬಿಡುವುದು ಅವನಿಗೆ ಸುಲಭವಾಗಿದ್ದಿತು. ಅವನು ಹಾಗೆ ಮಾಡಲಿಲ್ಲ. ಶಾನುಭೋಗರ ಹಳೆಯ ಕಡತಗಳನ್ನು ತರಿಸಿ, ವಿಜಯನಗರದ ಕಾಲದಿಂದ ಟಿಪ್ಪುವಿನ ಕಾಲದ ವರೆಗೆ ಕಂದಾಯ ಹೇಗೆ ಏರಿತೆಂಬುದನ್ನು ಗುರುತಿಸಿದನು. ಭೂಮಿಯ ಮೇಲೆ ಖಾಸಗಿ ಹಕ್ಕು ಆ ಸೀಮೆಯಲ್ಲಿ ಬಹುಕಾಲದಿಂದ ಬೇರೂರಿದೆಯೆಂಬುದನ್ನು ಕಂಡುಕೊಂಡು, ಅದನ್ನು 1800ರ ವರದಿಯಲ್ಲಿ ಸರ್ಕಾರಕ್ಕೆ ತಿಳಿಸಿದನು. ಹೊಸ ಊರಿಗೆ ಬಂದ ಅಧಿಕಾರಿ ಆಜ್ಞೆ ಮಾಡುವುದಕ್ಕೆ ಮೊದಲು ಊರಿನ ಲೆಕ್ಕವನ್ನು ಓದಿದನೆಂಬುದೇ ಇಲ್ಲಿ ಗಮನಿಸತಕ್ಕ ಅಂಶ.

ದತ್ತ ಮಂಡಲದ ಪರಿಸ್ಥಿತಿ ಬೇರೆಯಾಗಿದ್ದಿತು. ಅಲ್ಲಿ ಸುಮಾರು 80 ಮಂದಿ ಪಾಳೆಯಗಾರರು. ಅನೇಕ ವರ್ಷಗಳ ಯುದ್ಧದಿಂದ ಹಾಳುಬಿದ್ದ ಹಳ್ಳಿಗಳು. ಮನ್ರೋ ಡೇರೆಯಲ್ಲಿ ವಾಸಮಾಡುತ್ತ ಹಳ್ಳಿಯಿಂದ ಹಳ್ಳಿಗೆ ತಿರುಗಿ, ಹೊಲಹೊಲವನ್ನೂ ಅಳೆಯಿಸಿ, ರೈತನೊಡನೆ ನೇರವಾಗಿ ಕಂದಾಯವನ್ನು ಗೊತ್ತುಮಾಡುವ ರೈತವಾರಿ ಪದ್ಧತಿಯನ್ನು ನೆಲೆಗೊಳಿಸಿದನು. ಏಳು ವರ್ಷಗಳಲ್ಲಿ ಹುಟ್ಟುವಳಿಯು ಸುಮಾರು 10 ಲಕ್ಷ ವರಹಗಳಿಂದ 15 ಲಕ್ಷಕ್ಕೆ ಏರಿತು.

ಈ ಏರಿಕೆಯನ್ನು ಮಾತ್ರ ನೋಡಿ ಅವನನ್ನು ಹೊಗಳುವುದು ಚರಿತ್ರಕಾರನಿಗೆ ಒಪ್ಪುವ ಮಾತಲ್ಲ. ಆ ಹಣವೆಲ್ಲ ರೈತನ ಬೆವರಿನಿಂದ ಬಂದುದು, ಪರದೇಶದ ವ್ಯಾಪಾರ ಸಂಸ್ಥೆಯೊಂದರ ಬೊಕ್ಕಸಕ್ಕೆ ಹೋದುದು. 1801ರಲ್ಲಿ ಆದೋನಿ ಸೀಮೆಯ ತೆರ್ನೇಕಲ್ಲಿನವರು ಕಂದಾಯದ ವಿಷಯದಲ್ಲಿ ತಿರುಗಿಬಿದ್ದಾಗ ಅವರನ್ನು ಸೈನ್ಯದಿಂದಲೇ ಅಡಗಿಸಲಾಯಿತು. ಪಾಳೆಯಗಾರರ ವಿಷಯದಲ್ಲಿಯೂ ಅವನು ಮೃದುವಾಗಿರಲಿಲ್ಲ. ಇದನ್ನು ಮರೆಮಾಚಿದರೆ ನಮ್ಮ ನಿದರ್ಶನ ಅರ್ಧ ಸುಳ್ಳಾಗುವುದು.

ಆದರೆ ಅವನ ವಿವೇಕವು ನಿಜವಾಗಿ ಪ್ರಕಟವಾದುದು ಯಶಸ್ಸಿನ ತುದಿಯಲ್ಲಿ. ಹುಟ್ಟುವಳಿ ಏರಿ, ಮೇಲಧಿಕಾರಿಗಳ ಮೆಚ್ಚಿಕೆ ದೊರೆತಿದ್ದಾಗ, 1807ರಲ್ಲಿ, ತಾನೇ ಗೊತ್ತುಮಾಡಿದ ಕಂದಾಯವು ಭಾರವಾಗಿದೆಯೆಂದು ಬರೆದು, ಅದನ್ನು ನೂರಕ್ಕೆ 25ರಂತೆ ಇಳಿಸಬೇಕೆಂದು ಸಲಹೆಮಾಡಿದನು. ರೈತನ ಕೈಯಲ್ಲಿ ನಾಲ್ಕು ಕಾಸು ಉಳಿದರೆ ಅವನು ಬಾವಿ ತೋಡುವನು, ಎತ್ತು ಕೊಳ್ಳುವನು, ಬೀಳುಭೂಮಿ ಉಳುವನು. ಕಡೆಗೆ ಸರ್ಕಾರಕ್ಕೂ ಅದರಿಂದ ಲಾಭವೇ ಎಂಬುದು ಅವನ ತರ್ಕ. ಇಂದಿನ ಆದಾಯವನ್ನು ನಾಳಿನ ಬೆಳೆಗಾಗಿ ಬಿಟ್ಟುಕೊಡುವ ಈ ಬುದ್ಧಿಯೇ ದೂರದೃಷ್ಟಿ.

ಮೇಲಿನವರು ಒಪ್ಪಲಿಲ್ಲ. ಮನ್ರೋ ಸ್ವದೇಶಕ್ಕೆ ಹೊರಟ ಮೇಲೆ ರೈತವಾರಿಯನ್ನು ಬಿಟ್ಟು, ಹಳ್ಳಿಗಳನ್ನು ಇಡಿಯಾಗಿ ಗುತ್ತಿಗೆಗೆ ಕೊಟ್ಟರು. ಹೆಚ್ಚು ಹಣಕ್ಕೆ ಒಪ್ಪಿಕೊಂಡ ಗುತ್ತಿಗೆದಾರರು ರೈತರನ್ನು ಹಿಂಡಿದರು. ಆದರೂ ಹಣ ಹೊರಡದೆ ಎಷ್ಟೋ ಮಂದಿ ತಾವೇ ದಿವಾಳಿಯಾದರು. ಕೊನೆಗೆ ಸರ್ಕಾರವು ರೈತವಾರಿಗೆ ಮರಳಬೇಕಾಯಿತು. 1820ರಲ್ಲಿ ಮನ್ರೋ ಮದ್ರಾಸಿನ ಗವರ್ನರನಾಗಿ ಬಂದ ಮೇಲೆ ಕಂದಾಯದ ಇಳಿತವೂ ಜಾರಿಗೆ ಬಂದಿತು. ವಿವೇಕದ ಮಾತನ್ನು ತಳ್ಳಿಹಾಕಿದ ಆಡಳಿತವು ಹತ್ತು ವರ್ಷಗಳ ಕಷ್ಟವನ್ನು ಜನರ ತಲೆಯ ಮೇಲೆ ಹೊರಿಸಿ ಮತ್ತೆ ಆ ಮಾತಿಗೇ ಬಂದುದನ್ನು ಇಲ್ಲಿ ನೋಡುತ್ತೇವೆ.

ಉಪಾಧ್ಯಾಯರಾದ ನಮಗೆ ಇನ್ನೂ ಹತ್ತಿರವಾದ ಸಂಗತಿ ಒಂದಿದೆ. ಗವರ್ನರನಾದ ಮನ್ರೋ ಶಾಲೆಗಳನ್ನು ಸ್ಥಾಪಿಸಹೊರಡುವುದಕ್ಕೆ ಮೊದಲು, ಈಗಾಗಲೇ ಇರುವ ಶಾಲೆಗಳು ಎಷ್ಟೆಂದು ಕೇಳಿದನು. 1822ರಲ್ಲಿ ಎಲ್ಲ ಕಲೆಕ್ಟರರಿಗೂ ಪ್ರಶ್ನೆಗಳು ಹೋದುವು. ಒಟ್ಟು 1,28,50,941 ಜನಸಂಖ್ಯೆಗೆ 12,498 ಶಾಲೆಗಳು, 1,88,650 ವಿದ್ಯಾರ್ಥಿಗಳು ಇರುವುದಾಗಿ ತಿಳಿದುಬಂದಿತು. ಈ ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಕೇವಲ 4,540.

ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರಲ್ಲಿ ಕಳುಹಿಸಿದ ವರದಿಯು ಗಡಿನಾಡಿನ ಕನ್ನಡಿಗರಿಗೆ ಅಮೂಲ್ಯವಾದುದು. ಅಂದಿನ ಬಳ್ಳಾರಿ ಜಿಲ್ಲೆಯೆಂದರೆ 1882ರಲ್ಲಿ ಅನಂತಪುರವು ಬೇರ್ಪಡುವುದಕ್ಕೆ ಹಿಂದಿನ ದೊಡ್ಡ ಜಿಲ್ಲೆ. ಆದೋನಿ, ರಾಯದುರ್ಗ, ಮಡಕಶಿರಾ ಎಲ್ಲವೂ ಅದರಲ್ಲಿದ್ದುವು. ಅಲ್ಲಿದ್ದ 533 ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಸಂಸ್ಕೃತ, ಫಾರ್ಸಿ ಮೊದಲಾದುವು. ಓದುತ್ತಿದ್ದವರು 6,641 ಮಂದಿ. ಎರಡು ಭಾಷೆಗಳು ಹೆಚ್ಚುಕಡಮೆ ಸಮಸಮನಾಗಿ, ಒಂದೇ ಜಿಲ್ಲೆಯ ಜಗಲಿಗಳಲ್ಲಿ ಅಕ್ಷರ ಕಲಿಸುತ್ತಿದ್ದುವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ಶಾಲೆಗಳು ಕುಗ್ಗುತ್ತಿರುವುದಕ್ಕೆ ಜನರ ಬಡತನವೇ ಕಾರಣವೆಂದು ಕ್ಯಾಂಬೆಲ್ ಮುಚ್ಚುಮರೆಯಿಲ್ಲದೆ ಬರೆದನು.

ಈ ವರದಿಗಳನ್ನು ನೋಡಿದ ಮೇಲೆ, 1826ರಲ್ಲಿ, ಪ್ರತಿ ತಹಶೀಲಿಗೂ ಒಂದು ಶಾಲೆಯೆಂಬ ಯೋಜನೆಯನ್ನು ಮನ್ರೋ ಮುಂದಿಟ್ಟನು. ತಹಶೀಲು ಶಾಲೆಯ ಉಪಾಧ್ಯಾಯನಿಗೆ ತಿಂಗಳಿಗೆ 9 ರೂಪಾಯಿ ಸಂಬಳ. 1824ರ ಡಿಸೆಂಬರ್ 31ರ ತನ್ನ ಪ್ರಸಿದ್ಧ ಟಿಪ್ಪಣಿಯಲ್ಲಿ, ದೇಶೀಯರಿಗೆ ದೊಡ್ಡ ಅಧಿಕಾರಗಳ ಬಾಗಿಲನ್ನು ಮುಚ್ಚಿಟ್ಟು ಕೇವಲ ಪುಸ್ತಕಗಳಿಂದ ಅವರನ್ನು ಏಳಿಗೆಗೆ ತರುವೆವೆನ್ನುವುದು ವ್ಯರ್ಥವೆಂದೂ ವಾದಿಸಿದ್ದನು. ಆದರೆ 1827ರ ಜುಲೈ 6ರಂದು, ಸ್ವದೇಶಕ್ಕೆ ಮರಳುವ ಮುನ್ನ ದತ್ತ ಮಂಡಲವನ್ನು ಕಡೆಯ ಸಲ ನೋಡಲು ಬಂದಾಗ, ಪತ್ತಿಕೊಂಡದಲ್ಲಿ ಕಾಲರಾ ತಗುಲಿ ತೀರಿಕೊಂಡನು. ಅವನ ಶಾಲಾ ಯೋಜನೆ ಅವನ ನಂತರ ಸೊರಗಿತು. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟರು. ಒಬ್ಬನ ವಿವೇಕವು ಸಂಸ್ಥೆಯ ವಿವೇಕವಾಗದಿದ್ದರೆ ಅದರ ಆಯುಷ್ಯ ಎಷ್ಟೆಂಬುದಕ್ಕೆ ಇದೂ ಒಂದು ಪಾಠ.

ಆ ಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪನೆಂದು ಹೆಸರಿಡುತ್ತಿದ್ದರೆಂದು ಹೇಳುತ್ತಾರೆ. ಪರಾಧೀನರಾಗಿದ್ದ ಜನರೂ ತಮ್ಮನ್ನು ಕೇಳಿ ಆಳಿದವನನ್ನು, ಕೇಳದೆ ಆಳಿದವರಿಂದ ಬೇರೆಯಾಗಿ ನೆನೆದರು. ಅವನು ಕುಂಪಣಿಯ ಸೇವಕನೆಂಬುದನ್ನು ನಾವು ಮರೆಯಬೇಕಾಗಿಲ್ಲ. ಅವನಲ್ಲಿದ್ದ ಗುಣವನ್ನು ಅಲ್ಲಗಳೆಯಬೇಕಾಗಿಯೂ ಇಲ್ಲ. ತಿಳಿದು ಆಜ್ಞಾಪಿಸುವುದು, ಬಲವಿದ್ದಾಗಲೂ ಕಡಮೆ ತೆಗೆಯುವುದು, ತಾನು ಮಾಡಿದುದನ್ನು ತಾನೇ ತಿದ್ದಲು ಸಿದ್ಧನಿರುವುದು, ಈ ಮೂರೂ ಗ್ರಾಮ ಪಂಚಾಯಿತಿಗೂ ಬೇಕು, ಶಾಲೆಯ ಆಡಳಿತಕ್ಕೂ ಬೇಕು.

ಗಡಿಭಾಗದ ಉಪಾಧ್ಯಾಯ ಮಿತ್ರರಲ್ಲಿ ಒಂದು ವಿಜ್ಞಾಪನೆ. ಮನ್ರೋ ಓದಿಸಿದಂತಹ ಕಡತಗಳು, ಜಗಲಿಮಠದ ಓಲೆಗಳು ನಮ್ಮ ಊರುಗಳ ಹಳೆಯ ಮನೆಗಳ ಅಟ್ಟದಲ್ಲಿ ಇನ್ನೂ ಇದ್ದರೆ, ಗೆದ್ದಲು ಹಿಡಿಯುವ ಮುನ್ನ ಅವನ್ನು ಕೇಳಿ ತಂದು, ಓದಿ, ಪ್ರತಿಮಾಡಿ ಇಡೋಣ. ಆ 235 ಕನ್ನಡ ಶಾಲೆಗಳು ಯಾವ ಯಾವ ಊರುಗಳಲ್ಲಿದ್ದುವೆಂಬುದನ್ನು ಊರಿನವರಲ್ಲದೆ ಮತ್ತಾರು ಹುಡುಕಿಯಾರು?