ಜಾವಾದಿಂದ ಡಕಾರ್‌ವರೆಗೆ: ಕನ್ನಡ ನೆಲದ ಬೈಕ್ ರೇಸಿಂಗ್

ಬನ್ನೇರುಘಟ್ಟ ರಸ್ತೆಯ ಗೊಟ್ಟಿಗೆರೆಯಲ್ಲಿ ನೈಸ್ ರಸ್ತೆಗೆ ಹತ್ತಿದರೆ ಒಂದು ಕಡೆ ಹೊಸೂರು ರಸ್ತೆ, ಇನ್ನೊಂದು ಕಡೆ ಮೈಸೂರು ರಸ್ತೆ. ಭಾರತದ ಬೈಕ್ ರೇಸಿಂಗ್‌ಗೆ ಜೀವ ತುಂಬಿದ ಎರಡು ಕಾರ್ಖಾನೆಗಳು ಈ ಎರಡು ದಾರಿಗಳ ಕೊನೆಯಲ್ಲಿದ್ದವು. ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿತು. ಹೊಸೂರಿನ ಟಿವಿಎಸ್ ಇಂದಿಗೂ ರೇಸಿಗೆ ಬೈಕು ಕಟ್ಟುತ್ತಿದೆ. ಇವೆರಡರ ನಡುವಿನ ಬೆಂಗಳೂರು ಕೊಟ್ಟದ್ದು ಸವಾರರನ್ನು. ಡಕಾರ್ ರ‍್ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯ ಈ ಊರಿನವರು. ಮೋಟಾರ್ ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ತಂದ ಮೊದಲ ಭಾರತೀಯ ಮಹಿಳೆಯೂ ಇಲ್ಲಿಯವರೇ. ಇಷ್ಟಾದರೂ ಕರ್ನಾಟಕದಲ್ಲಿ ಬೈಕ್ ರೇಸಿಗೆಂದೇ ಕಟ್ಟಿದ ಒಂದು ಶಾಶ್ವತ ಸರ್ಕ್ಯೂಟ್ ಇಲ್ಲ. ನಮ್ಮಲ್ಲಿ ಈ ಕ್ರೀಡೆ ಬೆಳೆದ ಬಗೆಯನ್ನು ನೋಡುವಾಗ ಈ ಕೊರತೆ ಮತ್ತೆ ಮತ್ತೆ ಎದುರಾಗುತ್ತದೆ.

ಹಳ್ಳ ದಿಣ್ಣೆಗಳ ಮಣ್ಣಿನ ಹಾದಿಯಲ್ಲಿ ಬೈಕು ಓಡಿಸುವ ಸ್ಪರ್ಧೆ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1924ರಲ್ಲಿ ಕ್ಯಾಂಬರ್ಲಿ ಎಂಬಲ್ಲಿ ನಡೆದ ಓಟವನ್ನು ಮೋಟೊಕ್ರಾಸ್‌ನ ಆರಂಭ ಎನ್ನುತ್ತಾರೆ. 500 ಸಿಸಿ ವಿಭಾಗಕ್ಕೆ ವಿಶ್ವ ಚಾಂಪಿಯನ್‌ಷಿಪ್ ಬಂದದ್ದು 1957ರಲ್ಲಿ. 1960ರ ದಶಕದಲ್ಲಿ ಈ ಕ್ರೀಡೆಯನ್ನು ಆಳಿದ್ದು ಚೆಕೊಸ್ಲೊವಾಕಿಯಾದ ಸಿಜೆಡ್ ಬೈಕುಗಳು. ಆ ಸಿಜೆಡ್‌ನ ಸೋದರ ಸಂಸ್ಥೆಯೇ ಜಾವಾ. ಯುರೋಪಿನ ಕೆಸರಿನಲ್ಲಿ ಚೆಕ್ ಬೈಕುಗಳು ಗೆಲ್ಲುತ್ತಿದ್ದ ಅದೇ ಹೊತ್ತಿನಲ್ಲಿ, 1961ರಿಂದ, ಮೈಸೂರಿನಲ್ಲಿ ಜಾವಾ ಬೈಕುಗಳು ತಯಾರಾಗತೊಡಗಿದವು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಸ್ಥಾಪಿಸಿದ ಈ ಕಾರ್ಖಾನೆಗೆ ಜಯಚಾಮರಾಜ ಒಡೆಯರ ಬೆಂಬಲವಿತ್ತು. 1973ರಿಂದ ಅದೇ ಬೈಕು ಯೆಜ್ಡಿ ಎಂಬ ಹೆಸರಿನಲ್ಲಿ ಬಂತು.

ಜಾವಾ, ಯೆಜ್ಡಿಗಳು ಸವಾರರಿಗೆ ಪಾಠಶಾಲೆಯಾದವು. ಎರಡು ಸೈಲೆನ್ಸರಿನ, ಕಿಕ್ಕರ್ ಮತ್ತು ಗೇರಿಗೆ ಒಂದೇ ಸನ್ನೆಯಿದ್ದ ಆ ಟೂ-ಸ್ಟ್ರೋಕ್ ಬೈಕು ಗಟ್ಟಿಮುಟ್ಟು, ರಿಪೇರಿಗೂ ಸುಲಭ. ಬಿಚ್ಚಿ ನೋಡಿ ಬದಲಾಯಿಸುವ ಹುಮ್ಮಸ್ಸಿದ್ದವರಿಗೆ ಅದು ಧಾರಾಳವಾಗಿ ಒಗ್ಗಿಕೊಂಡಿತು. ಮೈಸೂರಿನ ಸೋಮೇಂದರ್ ಸಿಂಗ್ ಆ ಪೈಕಿ ದೊಡ್ಡ ಹೆಸರು. ರೇಸಿಗಾಗಿ ಎಂಜಿನ್ ಪಳಗಿಸುತ್ತ ಬಂದ ಅವರು ಸಿಲಿಂಡರ್ ಹೆಡ್ಡಿನಲ್ಲಿ ಗೀರು ತೋಡಿ ಇಂಧನ ಚೆನ್ನಾಗಿ ಉರಿಯುವಂತೆ ಮಾಡುವ ತಂತ್ರಕ್ಕೆ 2001ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಕರ್ನಾಟಕದ ಗ್ಯಾರೇಜುಗಳ ಜಾಣ್ಮೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ರೇಸಿನಲ್ಲಿ ಓಡಿಸಲು ಮಾತ್ರ ಮದರಾಸಿಗೇ ಹೋಗಬೇಕಿತ್ತು. ಮದರಾಸಿನ ಉತ್ತರಕ್ಕಿದ್ದ ಶೋಲಾವರಂ ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿ. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ದಶಕಗಳ ಕಾಲ ರೇಸು ನಡೆಸಿತು. ಆಮೇಲೆ ಅದೇ ಕ್ಲಬ್ ಇರುಂಗಾಟ್ಟುಕೋಟ್ಟೈನಲ್ಲಿ ಸ್ವಂತ ಟ್ರ್ಯಾಕ್ ಕಟ್ಟಿ 1990ರಲ್ಲಿ ತೆರೆಯಿತು. ನಂತರ ಕೊಯಮತ್ತೂರಿನಲ್ಲಿ ಕರಿ ಟ್ರ್ಯಾಕ್ ಬಂತು. ತಮಿಳುನಾಡು ಡಾಂಬರು ಹಾಕಿ ಟ್ರ್ಯಾಕ್ ಕಟ್ಟಿತು; ನಮ್ಮವರು ಸಿಕ್ಕ ಮೈದಾನದಲ್ಲೇ ಕಲಿತರು. ಕರ್ನಾಟಕದ ಸವಾರರು ಡಾಂಬರಿಗಿಂತ ಮಣ್ಣಿನಲ್ಲಿ ಹೆಚ್ಚು ಹೆಸರು ಮಾಡಿದ್ದಕ್ಕೆ ಇದೂ ಒಂದು ಕಾರಣ ಎಂದು ಧೈರ್ಯವಾಗಿ ಹೇಳಬಹುದು.

1980ರ ದಶಕದ ನಡುವಿನಲ್ಲಿ ಜಪಾನಿನ ಎಂಜಿನ್‌ಗಳು ಬಂದು ಎಲ್ಲವನ್ನೂ ಬದಲಾಯಿಸಿದವು. ಇಂಡ್-ಸುಜುಕಿ, ಹೀರೊ ಹೋಂಡಾ, 1985ರ ಯಮಹಾ ಆರ್‌ಎಕ್ಸ್ 100, ಬಜಾಜಿನ ಕವಾಸಾಕಿ ಒಂದರ ಹಿಂದೊಂದು ರಸ್ತೆಗಿಳಿದವು. ಹಗುರವಾದ, ಚುರುಕಾದ 100 ಸಿಸಿ ಬೈಕು ಮಧ್ಯಮ ವರ್ಗದ ಹುಡುಗರ ಕೈಗೆ ಸಿಕ್ಕಿತು. ಟಿವಿಎಸ್ ಅದಕ್ಕೂ ಮೊದಲೇ, 1982ರಲ್ಲಿ, ತನ್ನ ರೇಸಿಂಗ್ ವಿಭಾಗವನ್ನು ಕಟ್ಟಿತ್ತು. ಕಂಪನಿಯೊಂದು ಸವಾರನಿಗೆ ಬೈಕು, ಮೆಕ್ಯಾನಿಕ್, ಸಂಬಳ ಎಲ್ಲವನ್ನೂ ಕೊಟ್ಟು ಓಡಿಸುವ ಪದ್ಧತಿ ನಮ್ಮಲ್ಲಿ ಬೇರೂರಿದ್ದು ಇಲ್ಲಿಂದ. ಬೆಂಗಳೂರಿನಿಂದ ಹೊಸೂರು ನಲವತ್ತು ಕಿಲೋಮೀಟರು. ನಗರದ ದಕ್ಷಿಣದಲ್ಲಿ ಬೆಳೆದ ಹುಡುಗನಿಗೆ ಕಾರ್ಖಾನೆ ತಂಡದ ಕನಸು ಕೈಗೆಟುಕುವ ದೂರದಲ್ಲೇ ಇತ್ತು.

ಮೋಟೊಕ್ರಾಸ್ ನೋಡಿಲ್ಲದವರಿಗೆ ಆ ಬೈಕೇ ವಿಚಿತ್ರವಾಗಿ ಕಾಣುತ್ತದೆ. ಹೆಡ್‌ಲೈಟ್ ಇಲ್ಲ, ಕನ್ನಡಿ ಇಲ್ಲ, ಹಾರ್ನ್ ಇಲ್ಲ. 250 ಸಿಸಿಯ ಬೈಕಿನ ತೂಕ ಸುಮಾರು 105 ಕಿಲೊ. ಸಸ್ಪೆನ್ಷನ್ 300 ಮಿಲಿಮೀಟರಿನಷ್ಟು ಕುಗ್ಗುತ್ತದೆ. ಟೈರಿಗೆ ರಸ್ತೆ ಬೈಕಿನ ಅರ್ಧದಷ್ಟು ಗಾಳಿ. ಮಣ್ಣು ಹಿಡಿಯಲು ಗುಬಟು ಗುಬಟಾದ ರಬ್ಬರು. ಸರ್ವಿಸನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕುವುದಿಲ್ಲ, ಎಂಜಿನ್ ಓಡಿದ ಗಂಟೆಗಳಲ್ಲಿ ಹಾಕುತ್ತಾರೆ. ಸವಾರ ಸೀಟಿನ ಮೇಲೆ ಕೂರುವುದು ತಿರುವಿನಲ್ಲಷ್ಟೇ, ಉಳಿದಂತೆ ಫುಟ್‌ರೆಸ್ಟ್ ಮೇಲೆ ನಿಂತೇ ಇರುತ್ತಾನೆ. ದಿಣ್ಣೆಯಿಂದ ಹಾರಿ ಇಳಿಯುವಾಗ ಬೀಳುವ ಹೊಡೆತವನ್ನು ಮಂಡಿ, ತೊಡೆ, ತೋಳು ತಡೆದುಕೊಳ್ಳಬೇಕು. ಸ್ಟಾರ್ಟ್ ಗೇಟು ಬಿದ್ದ ಕ್ಷಣದಲ್ಲಿ ಹತ್ತಾರು ಬೈಕುಗಳು ಒಂದೇ ತಿರುವಿಗೆ ನುಗ್ಗುತ್ತವೆ. ಅಲ್ಲಿ ಹಿಂದೆ ಬಿದ್ದವನ ಬಾಯಿಗೆ ಓಟ ಮುಗಿಯುವ ತನಕ ಮುಂದಿನವರ ಮಣ್ಣೇ.

ಇಂಥ ಬೈಕು ನಮ್ಮ ಶೋರೂಮುಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಆಮದು ಮಾಡಿಕೊಂಡರೆ ಸುಂಕದ ಹೊರೆ. ಹಾಗಾಗಿ ಡರ್ಟ್ ರೇಸುಗಳಲ್ಲಿ ವಿದೇಶಿ ಬೈಕುಗಳಿಗೆ ಒಂದು ವರ್ಗ, ಭಾರತೀಯ ಬೈಕುಗಳಿಗೆ ಬೇರೆ ವರ್ಗ ಇರುವುದು ರೂಢಿ. ಬಹುಪಾಲು ಸವಾರರು ಶುರು ಮಾಡುವುದು ಈ ಎರಡನೆಯದರಲ್ಲಿ. ದಿನಾ ಕಾಲೇಜಿಗೆ ಹೋಗುವ ಬೈಕಿನ ಸೀರೆ ಗಾರ್ಡ್, ಇಂಡಿಕೇಟರ್, ಹೆಡ್‌ಲೈಟ್ ಬಿಚ್ಚಿಟ್ಟು, ಫೋರ್ಕು ಬಿಗಿ ಮಾಡಿ, ಚೈನ್ ಸ್ಪ್ರಾಕೆಟ್ ಬದಲಿಸಿ ಟ್ರ್ಯಾಕಿಗಿಳಿಯುತ್ತಾರೆ. ಚಿಕ್ಕಮಗಳೂರು, ಕೊಡಗು, ಮೈಸೂರುಗಳಲ್ಲಿ ಮಣ್ಣಿನ ಓಟಗಳು ನಡೆದಾಗ ಜನ ಜಾತ್ರೆಗೆ ಬಂದಂತೆ ಸೇರುತ್ತಾರೆ. ಎಂಆರ್‌ಎಫ್ ಪ್ರಾಯೋಜಿಸಿದ ರಾಷ್ಟ್ರೀಯ ಸೂಪರ್‌ಕ್ರಾಸ್ ಚಾಂಪಿಯನ್‌ಷಿಪ್ ವರ್ಷಗಟ್ಟಲೆ ಊರಿಂದೂರಿಗೆ ಹೋಗಿ, ಲಾರಿಗಟ್ಟಲೆ ಮಣ್ಣು ಸುರಿದು ತಾತ್ಕಾಲಿಕ ಟ್ರ್ಯಾಕ್ ಕಟ್ಟಿ ಮಣ್ಣಿನ ಓಟವನ್ನು ನಗರಗಳಿಗೂ ಪರಿಚಯಿಸಿತು. ಓಟ ಮುಗಿದ ಮೇಲೆ ಟ್ರ್ಯಾಕ್ ಮಾಯ. ಮರುದಿನ ಅಭ್ಯಾಸಕ್ಕೆ ಬಂದವನಿಗೆ ಉಳಿಯುವುದು ಬರೀ ಮೈದಾನ.

ಮೋಟೊಕ್ರಾಸಿನಿಂದ ದೂರದ ರ‍್ಯಾಲಿಗೆ ಜಿಗಿಯಲು ದಾರಿ ಮಾಡಿದ್ದು 1999ರಲ್ಲಿ ಆರಂಭವಾದ ರೇಡ್ ಡಿ ಹಿಮಾಲಯ ಮತ್ತು 2003ರ ಡೆಸರ್ಟ್ ಸ್ಟಾರ್ಮ್. ಬೆಂಗಳೂರಿನ ಆರ್. ನಟರಾಜ್ ಹಿಮಾಲಯದ ರ‍್ಯಾಲಿಯಲ್ಲಿ ಟಿವಿಎಸ್ ಬೈಕಿನ ಮೇಲೆ ಗೆದ್ದು ದಕ್ಷಿಣದವರಿಗೆ ಅಲ್ಲಿ ಜಾಗ ಮಾಡಿಕೊಟ್ಟರು. ಅದೇ ಹಾದಿಯಲ್ಲಿ ಎಲ್ಲರಿಗಿಂತ ದೂರ ಹೋದವರು ಬೆಂಗಳೂರಿನವರೇ ಆದ ಸಿ.ಎಸ್. ಸಂತೋಷ್.

ಸಂತೋಷ್ ಮೋಟೊಕ್ರಾಸ್‌ನಿಂದ ಬಂದವರು. 2013ರಲ್ಲಿ ಅಬುಧಾಬಿ ಡೆಸರ್ಟ್ ಚಾಲೆಂಜ್‌ನಲ್ಲಿ ಬಿದ್ದಾಗ ಬೈಕಿಗೆ ಬೆಂಕಿ ಹತ್ತಿ ಸುಟ್ಟ ಗಾಯಗಳಾದವು. ಎರಡೇ ವರ್ಷದಲ್ಲಿ, 2015ರ ಜನವರಿಯಲ್ಲಿ, ಅರ್ಜೆಂಟೀನಾ, ಚಿಲಿ, ಬೊಲಿವಿಯಾಗಳನ್ನು ಸುತ್ತಿದ ಡಕಾರ್ ರ‍್ಯಾಲಿಯನ್ನು 36ನೇ ಸ್ಥಾನದಲ್ಲಿ ಮುಗಿಸಿದರು. ಸಂಖ್ಯೆ ನೋಡಿ ಇದನ್ನು ಸಣ್ಣದೆಂದು ಎಣಿಸಬಾರದು. ಎರಡು ವಾರ, ಸಾವಿರಾರು ಕಿಲೋಮೀಟರು, ಸವಾರರೂ ಬೈಕುಗಳೂ ನಡುದಾರಿಯಲ್ಲೇ ಕೈಚೆಲ್ಲುವ ಓಟ ಅದು. ಅಲ್ಲಿಗೆ ತಲುಪಲು ಭಾರತೀಯರಿಗೆ ದಾರಿಯೇ ಇಲ್ಲದಾಗ ಅವರು ದಾರಿ ತೆಗೆದರು. 2016ರಲ್ಲಿ ಹೀರೊ ತನ್ನ ರ‍್ಯಾಲಿ ತಂಡ ಕಟ್ಟಿದಾಗ ಅದರ ಮೊದಲ ಸವಾರರಲ್ಲಿ ಅವರೂ ಒಬ್ಬರು. 2018ರಲ್ಲಿ 34ನೆಯವರಾದರು. 2021ರಲ್ಲಿ ಸೌದಿ ಅರೇಬಿಯಾದಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ವೈದ್ಯರು ಅವರನ್ನು ಪ್ರಜ್ಞೆ ತಪ್ಪಿಸಿದ ಸ್ಥಿತಿಯಲ್ಲಿಟ್ಟು ಉಳಿಸಬೇಕಾಯಿತು.

ಉಡುಪಿಯ ಕೆ.ಪಿ. ಅರವಿಂದ್ ಟಿವಿಎಸ್ ತಂಡದಿಂದ 2019ರ ಡಕಾರ್ ಅನ್ನು 37ನೇ ಸ್ಥಾನದಲ್ಲಿ ಮುಗಿಸಿದರು. ಎರಡು ವರ್ಷದ ನಂತರ ಬಿಗ್ ಬಾಸ್ ಕನ್ನಡದ ಎಂಟನೇ ಸೀಸನ್ನಿನಲ್ಲಿ ರನ್ನರ್ ಅಪ್ ಆದಾಗಲೇ ಬಹಳ ಕನ್ನಡಿಗರಿಗೆ ಈ ರೇಸರ್ ಹೆಸರು ಗೊತ್ತಾದದ್ದು. ಮರಳುಗಾಡಿನಲ್ಲಿ ಮಾಡಿದ ಸಾಧನೆಗೆ ಟೀವಿಯ ಮನೆ ಬೇಕಾಯಿತು ಎಂಬುದು ನೋವಿನ ಸಂಗತಿ.

ಬೆಂಗಳೂರಿನ ಐಶ್ವರ್ಯಾ ಪಿಸ್ಸೆಯವರದು ಇನ್ನೂ ಕಡಿದಾದ ಏರು. 2017ರಲ್ಲಿ ಬಿದ್ದು ಕೊರಳೆಲುಬು ಮುರಿಯಿತು. ಮರುವರ್ಷ ಸ್ಪೇನಿನ ಬಾಹಾ ರ‍್ಯಾಲಿಯಲ್ಲಿ ಮೇದೋಜೀರಕ ಗ್ರಂಥಿಗೆ ಗಂಭೀರ ಗಾಯವಾಯಿತು. ಅದರ ಮರುವರ್ಷ ದುಬೈಯಲ್ಲಿ ಗೆದ್ದು, ಪೋರ್ಚುಗಲ್, ಸ್ಪೇನ್, ಇಟಲಿಗಳಲ್ಲಿ ಅಂಕ ಕೂಡಿಸಿ, ಹಂಗೇರಿಯಲ್ಲಿ ನಡೆದ ಕೊನೆಯ ಸುತ್ತಿನ ಹೊತ್ತಿಗೆ 65 ಅಂಕ ಗಳಿಸಿದ್ದರು. ಪೋರ್ಚುಗಲ್‌ನ ರೀಟಾ ವಿಯೇರಾ ಬಳಿ 61 ಇತ್ತು. 2019ರ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ಪ್ರಶಸ್ತಿ ಹೀಗೆ ಬೆಂಗಳೂರಿಗೆ ಬಂತು.

ಅದೇ 2019ರಲ್ಲಿ ಗೌರವ್ ಗಿಲ್ ಅವರಿಗೆ ಅರ್ಜುನ ಪ್ರಶಸ್ತಿ ಸಿಕ್ಕಿತು. ಮೋಟಾರ್ ಕ್ರೀಡೆಗೆ ಅದೇ ಮೊದಲು. ಆದರೆ ಅವರು ಓಡಿಸುವುದು ಕಾರು. ಮುಂದೆ ಹಣ, ತಂತ್ರಜ್ಞಾನ ಎರಡೂ ಹರಿದುಬಂದವು. ಕೇರಳದ ಹರಿತ್ ನೋವಾ 2021ರ ಡಕಾರ್‌ನಲ್ಲಿ 20ನೆಯವರಾದರು, 2024ರಲ್ಲಿ ರ‍್ಯಾಲಿ 2 ವಿಭಾಗವನ್ನೇ ಗೆದ್ದರು. ಅದೇ ವರ್ಷ ಹೀರೊ ಬೈಕಿನ ಮೇಲೆ ರಾಸ್ ಬ್ರಾಂಚ್ ಒಟ್ಟಾರೆ ಎರಡನೇ ಸ್ಥಾನ ಪಡೆದರು. 2023ರ ಸೆಪ್ಟೆಂಬರಿನಲ್ಲಿ ಗ್ರೇಟರ್ ನೊಯ್ಡಾದಲ್ಲಿ ಮೋಟೊಜಿಪಿ ನಡೆಯಿತು. 2024ರಲ್ಲಿ ಫ್ರಾಂಚೈಸಿ ಮಾದರಿಯ ಇಂಡಿಯನ್ ಸೂಪರ್‌ಕ್ರಾಸ್ ಲೀಗ್ ಪುಣೆಯಲ್ಲಿ ಆರಂಭವಾಗಿ, ಅದರ ಅಂತಿಮ ಸುತ್ತು ಫೆಬ್ರವರಿಯಲ್ಲಿ ಬೆಂಗಳೂರಿನ ಚಿಕ್ಕಜಾಲದ ಬಯಲಿನಲ್ಲಿ ಜರುಗಿತು. ಇಲ್ಲೂ ಟ್ರ್ಯಾಕ್ ತಾತ್ಕಾಲಿಕವೇ.

ಬೆಳವಣಿಗೆಗೆ ತೆತ್ತ ಬೆಲೆಯನ್ನೂ ಹೇಳಬೇಕು. 2023ರ ಆಗಸ್ಟ್ 5ರಂದು ಚೆನ್ನೈ ಟ್ರ್ಯಾಕಿನಲ್ಲಿ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ರೇಸಿನಲ್ಲಿ ಬಿದ್ದು ಪ್ರಾಣ ಕಳೆದುಕೊಂಡ. ಆ ವಾರದ ಉಳಿದ ರೇಸುಗಳು ರದ್ದಾದವು. ಮಕ್ಕಳು ಯಾವ ವಯಸ್ಸಿಗೆ, ಎಷ್ಟು ಶಕ್ತಿಯ ಬೈಕು ಹತ್ತಬೇಕು, ಯಾರ ಕಣ್ಣೆದುರು ಕಲಿಯಬೇಕು ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ಕೊಡದೆ ಈ ಕ್ರೀಡೆ ಮುಂದೆ ಹೋಗಬಾರದು. ಮೊದಲು ಮಣ್ಣಿನಲ್ಲಿ, ಸಣ್ಣ ಎಂಜಿನ್‌ನಲ್ಲಿ, ಕಡಿಮೆ ವೇಗದಲ್ಲಿ ಬೀಳಲು ಕಲಿಯುವುದು ಜಗತ್ತಿನೆಲ್ಲೆಡೆಯ ಕ್ರಮ.

ಕಲಿಯಲು ಜಾಗವೆಲ್ಲಿ? ಸಂತೋಷ್ ಕಟ್ಟಿದ ಬಿಗ್‌ರಾಕ್ ಡರ್ಟ್ ಪಾರ್ಕ್ ಇರುವುದು ಕೋಲಾರದ ಕಡೆ. ಗೊಟ್ಟಿಗೆರೆಯ ಹುಡುಗ ಅಲ್ಲಿಗೆ ಹೋಗಲು ಪಿಕಪ್‌ನಲ್ಲಿ ಬೈಕು ಹೇರಿಕೊಂಡು ಇಡೀ ಬೆಂಗಳೂರನ್ನು ದಾಟಬೇಕು. ಆ ಖರ್ಚು ಭರಿಸಲಾಗದವರಲ್ಲಿ ಕೆಲವರು ರಸ್ತೆಯಲ್ಲೇ ವ್ಹೀಲಿ ಮಾಡಿ ತಾವೂ ಸಾಯುತ್ತಾರೆ, ಬೇರೆಯವರನ್ನೂ ಕೊಲ್ಲುತ್ತಾರೆ. ಅಪಘಾತಗಳು ಹೆಚ್ಚಿದಾಗ 2022ರ ಜನವರಿಯಲ್ಲಿ ನೈಸ್ ರಸ್ತೆಯಲ್ಲಿ ರಾತ್ರಿ 10ರಿಂದ ಬೆಳಗಿನ 5ರವರೆಗೆ ದ್ವಿಚಕ್ರ ವಾಹನಗಳನ್ನು ಪೊಲೀಸರು ನಿಷೇಧಿಸಿದರು. ನಿಷೇಧ ಬೇಕಿತ್ತು, ಆದರೆ ಅಷ್ಟಕ್ಕೇ ನಿಲ್ಲಬಾರದಿತ್ತು.

ಮೋಟೊಕ್ರಾಸ್ ಟ್ರ್ಯಾಕಿಗೆ ಡಾಂಬರು ಬೇಡ, ಗ್ಯಾಲರಿಯೂ ಬೇಡ. ಕೆಲವು ಎಕರೆ ನೆಲ, ಮಣ್ಣು, ನೀರು ಹೊಡೆಯುವ ಟ್ಯಾಂಕರು, ಒಂದು ಆಂಬುಲೆನ್ಸ್, ತರಬೇತಿ ಪಡೆದ ಒಬ್ಬ ಕೋಚ್ ಇದ್ದರೆ ಸಾಕು. ಬನ್ನೇರುಘಟ್ಟದಿಂದ ಆನೇಕಲ್‌ವರೆಗಿನ ಸೀಮೆಯಲ್ಲಿ, ಕಾಡಂಚಿಗೂ ಕೆರೆಗಳಿಗೂ ತೊಂದರೆಯಾಗದ ಕಡೆ, ಸರ್ಕಾರ ಅಂಥ ಒಂದು ಜಾಗ ಗುರುತಿಸಲಿ. ಕ್ರೀಡಾ ಇಲಾಖೆ, ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬುಗಳು, ಹೊಸೂರಿನ ಕಾರ್ಖಾನೆ ಸೇರಿ ಅದನ್ನು ನಡೆಸಲಿ.