ರಘು ದೀಕ್ಷಿತ್: ತತ್ವಪದಕ್ಕೆ ಗಿಟಾರ್ ಜೊತೆಗೂಡಿಸಿದ ಗಾಯಕ

ಸಂತ ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರ್, ಡ್ರಮ್ಸ್ ಹಾಗೂ ಪಿಟೀಲಿನೊಂದಿಗೆ ವಿದೇಶದ ವೇದಿಕೆಗಳಿಗೆ ಕೊಂಡೊಯ್ದವರು ಗಾಯಕ, ಸಂಗೀತ ನಿರ್ದೇಶಕ ರಘು ದೀಕ್ಷಿತ್. ಕನ್ನಡ, ಹಿಂದಿ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ ಹಾಡುವ ಅವರು ದೇಶದ ಫ್ಯೂಷನ್ ಸಂಗೀತ ಕ್ಷೇತ್ರದಲ್ಲಿ ಕನ್ನಡಕ್ಕೊಂದು ಸ್ಥಾನ ಕಲ್ಪಿಸಿದ್ದಾರೆ.

ನೃತ್ಯದಿಂದ ಗಿಟಾರಿಗೆ

1974ರ ನವೆಂಬರ್ 11ರಂದು ಮಹಾರಾಷ್ಟ್ರದ ನಾಸಿಕ್‌ನಲ್ಲಿ ಜನಿಸಿದ ರಘು ಬೆಳೆದದ್ದು ಮೈಸೂರಿನಲ್ಲಿ. ಸಂಪ್ರದಾಯಸ್ಥ ಮನೆತನ. ಮೊದಲು ಒಲಿದದ್ದು ಭರತನಾಟ್ಯ. ಕಾಲೇಜಿನಲ್ಲಿ ಸಹಪಾಠಿಯೊಬ್ಬರು ಅವರ ನೃತ್ಯವನ್ನು ಹಗುರವಾಗಿ ಕಂಡು ಸವಾಲೆಸೆದಾಗ, ಸ್ವಂತ ಶ್ರಮದಿಂದ ಗಿಟಾರ್ ಕಲಿತರು. ಮೈಸೂರು ವಿಶ್ವವಿದ್ಯಾನಿಲಯದಿಂದ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಚಿನ್ನದ ಪದಕದೊಂದಿಗೆ ಸ್ನಾತಕೋತ್ತರ ಪದವಿ ಪಡೆದರು.

ಬಳಿಕ ಉದ್ಯೋಗ ನಿಮಿತ್ತ ಬೆಲ್ಜಿಯಂಗೆ ತೆರಳಿದರು. ಅಲ್ಲಿನ ರೇಡಿಯೋದಲ್ಲಿ ಅವರ ಹಾಡು ಪ್ರಸಾರವಾಗಿ, ಭಾಷೆ ಅರಿಯದ ಕೇಳುಗರೂ ಮೆಚ್ಚಿದರು. ವಿಜ್ಞಾನಿಯ ಭದ್ರ ವೃತ್ತಿಯನ್ನು ತೊರೆದು ತವರಿಗೆ ಮರಳುವ ನಿರ್ಧಾರಕ್ಕೆ ಅದೇ ಪ್ರೇರಣೆಯಾಯಿತು.

ಪ್ರಭಾವಗಳು

ರಘು ಅವರ ಗಾಯನದ ಮೇಲೆ ಶರೀಫರ ಪ್ರಭಾವ ಎದ್ದು ಕಾಣುತ್ತದೆ. ಇಂದಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದಲ್ಲಿ 1819ರಲ್ಲಿ ಜನಿಸಿದ ಶರೀಫರು, ಗುರು ಗೋವಿಂದ ಭಟ್ಟರ ಶಿಷ್ಯರಾಗಿ ಮತಭೇದ ಮೀರಿ ಹಾಡಿದವರು. ಆ ಪದಗಳನ್ನು ಸಿ. ಅಶ್ವತ್ಥ್ ನಾಡಿನ ಮನೆಮನೆಗೆ ತಲುಪಿಸಿದ್ದರು. ರಘು ಅವುಗಳಿಗೆ ರಾಕ್ ಸಂಗೀತದ ಲಯ ನೀಡಿ ನಗರದ ಯುವಜನರತ್ತ ಒಯ್ದರು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ ಅವರ ವೇದಿಕೆಯ ವೇಷ. ಗೆಜ್ಜೆಯಲ್ಲಿ ಹಳೆಯ ನೃತ್ಯಾಭ್ಯಾಸದ ನೆನಪಿದೆ.

ತಂಡ ಮತ್ತು ಧ್ವನಿಸುರುಳಿ

ಪಿಟೀಲು ವಾದಕ ಎಚ್.ಎನ್. ಭಾಸ್ಕರ್ ಅವರೊಂದಿಗೆ ಕಟ್ಟಿದ ‘ಅಂತರಾಗ್ನಿ’ ಮೊದಲ ತಂಡ. ಅದು ಚದುರಿದ ನಂತರ ರೂಪುಗೊಂಡದ್ದು ‘ರಘು ದೀಕ್ಷಿತ್ ಪ್ರಾಜೆಕ್ಟ್’. ಹಲವು ವರ್ಷ ಧ್ವನಿಮುದ್ರಣ ಕಂಪನಿಗಳ ಬಾಗಿಲು ತಟ್ಟಿದರೂ ಫಲ ಸಿಗಲಿಲ್ಲ. ಕೊನೆಗೆ ಹಿಂದಿ ಚಿತ್ರರಂಗದ ವಿಶಾಲ್–ಶೇಖರ್ ಜೋಡಿಯ ಬೆಂಬಲದಿಂದ 2008ರಲ್ಲಿ ‘ಅಂತರಾಗ್ನಿ’ ಹೆಸರಿನ ಆಲ್ಬಂ ಹೊರಬಂತು. ಅದರ ಎಂಟು ಹಾಡುಗಳಲ್ಲಿ ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’ ಶರೀಫರವು.

2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ಬ್ರಿಟನ್ನಿನಲ್ಲಿ ಅವರ ಹೆಸರು ಹಬ್ಬಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಅತ್ಯುತ್ತಮ ಹೊಸ ಕಲಾವಿದ ಪ್ರಶಸ್ತಿ ಸಂದಿತು. 2013ರಲ್ಲಿ ಎರಡನೇ ಆಲ್ಬಂ ‘ಜಗ್ ಚಂಗಾ’ ಬಿಡುಗಡೆಯಾಯಿತು.

ಚಿತ್ರರಂಗದಲ್ಲಿ

ಕನ್ನಡದಲ್ಲಿ ‘ಸೈಕೋ’ (2008), ‘ಜಸ್ಟ್ ಮಾತ್ ಮಾತಲ್ಲಿ’ (2010). ಹಿಂದಿಯಲ್ಲಿ ‘ಮುಝ್‌ಸೆ ಫ್ರೆಂಡ್‌ಶಿಪ್ ಕರೋಗೆ’ (2011), ‘ಬೇವಕೂಫಿಯಾಂ’ (2014) ಅವರ ಸಂಗೀತದ ಚಿತ್ರಗಳು. ಮಲಯಾಳಂನ ‘ಕೂಡೆ’ (2018) ಚಿತ್ರಕ್ಕೂ ಹಾಡು ಸಂಯೋಜಿಸಿದ್ದಾರೆ.

ಕೊಡಗಿಗೆ ಏಕೆ ಮುಖ್ಯ?

ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳಂ, ತುಳು ಬೆರೆತ ಕೊಡಗಿನಲ್ಲಿ ಹಾಡಿನ ಸಂಪತ್ತಿಗೆ ಕೊರತೆಯಿಲ್ಲ. ದುಡಿ ನುಡಿಸುತ್ತ ಹಾಡುವ ಪದಗಳನ್ನು ನಡಿಕೇರಿಯಂಡ ಚಿಣ್ಣಪ್ಪ ಅವರು 1924ರಲ್ಲಿಯೇ ‘ಪಟ್ಟೋಲೆ ಪಳಮೆ’ಯಲ್ಲಿ ಸಂಗ್ರಹಿಸಿಕೊಟ್ಟಿದ್ದಾರೆ. ಆದರೆ ಯುನೆಸ್ಕೋ ಕೊಡವ ಭಾಷೆಯನ್ನು ಅಪಾಯದಲ್ಲಿರುವ ನುಡಿಗಳ ಪಟ್ಟಿಗೆ ಸೇರಿಸಿದೆ. ಕಿರಿಯರು ಉದ್ಯೋಗ ಅರಸಿ ಬೆಂಗಳೂರು, ಮೈಸೂರಿಗೆ ತೆರಳುತ್ತಿರುವಾಗ ಹಾಡುಗಳು ಗ್ರಂಥದಲ್ಲಷ್ಟೇ ಉಳಿಯುವ ಆತಂಕ ಸಹಜ.

ಹತ್ತೊಂಬತ್ತನೇ ಶತಮಾನದ ಹಳ್ಳಿಯೊಂದರ ಪದ, ಭಾಷೆ ಬದಲಾಯಿಸದೆಯೇ ಲಂಡನ್ನಿನ ಕೇಳುಗರನ್ನು ಮುಟ್ಟಿತೆಂಬುದು ರಘು ದೀಕ್ಷಿತ್ ಅವರ ಪಯಣ ತೋರಿಸಿಕೊಟ್ಟ ಸಂಗತಿ. ದುಡಿಯ ಪದಗಳಿಗೂ ಅಂತಹ ಕಂಠ ದೊರೆಯಬೇಕಿದೆ.