ಮುಚ್ಚಿದ ಬಾಗಿಲ ಮುಂದೆ ತೆರೆದ ಲೇಖನಿ

ಜನವರಿ 24ರಂದು ಧರ್ಮಸಭೆಯು ಸಂತ ಫ್ರಾನ್ಸಿಸ್ ಡಿ ಸೇಲ್ಸ್ ಅವರ ಸ್ಮರಣೆಯನ್ನು ಆಚರಿಸುತ್ತದೆ. ಅವರು ಕಥೋಲಿಕ ಲೇಖಕರ ಹಾಗೂ ಪತ್ರಕರ್ತರ ಪಾಲಕ ಸಂತರು. ವಿಶ್ವ ಸಂಪರ್ಕ ಮಾಧ್ಯಮ ದಿನಕ್ಕಾಗಿ ಜಗದ್ಗುರುಗಳು ನೀಡುವ ಸಂದೇಶವೂ ಸಾಮಾನ್ಯವಾಗಿ ಇದೇ ದಿನ ಪ್ರಕಟವಾಗುತ್ತದೆ. ಪ್ರಬೋಧನೆ ಬರೆಯುವ ಗುರುಗಳು, ಧರ್ಮೋಪದೇಶದ ಪಾಠ ಸಿದ್ಧಪಡಿಸುವ ಕನ್ಯಾಸ್ತ್ರೀಯರು, ಹಬ್ಬಕ್ಕೆಂದು ಗೀತೆ, ನಾಟಕ ಬರೆಯುವ ಶ್ರೀಸಾಮಾನ್ಯರು, ನಾವೆಲ್ಲರೂ ಈ ಸಂತರ ಮಕ್ಕಳೇ ಸರಿ.

ಆದರೆ ಬರೆಯುವವರ ಮನದಲ್ಲಿ ಒಂದು ಪ್ರಶ್ನೆ ಆಗಾಗ ಹೆಡೆಯೆತ್ತುತ್ತದೆ: ಇದನ್ನೆಲ್ಲ ಓದುವವರು ಯಾರು? ಭಾನುವಾರ ಕೊಂಡೊಯ್ದ ಪತ್ರಿಕೆ ಸೋಮವಾರ ರದ್ದಿಗೆ ಸೇರುತ್ತದೆ. ಬೇಕಾದ ಪ್ರಬೋಧನೆ ಯಾವುದೋ ಭಾಷೆಯಲ್ಲಿ ಮೊಬೈಲಿನಲ್ಲೇ ಸಿಗುತ್ತದೆ. ಹೀಗಿರುವಾಗ ಕನ್ನಡದಲ್ಲಿ ಕುಳಿತು ನಾಲ್ಕು ಪುಟ ಬರೆಯುವುದೇಕೆ? ಈ ಬೇಸರ ಇಂದು ನಿನ್ನೆಯದಲ್ಲ. ಇದಕ್ಕೆ ಧರ್ಮಸಭೆಯ ಚರಿತ್ರೆಯಲ್ಲೇ ಉತ್ತರವಿದೆ.

ಶುಭಸಂದೇಶಕಾರ ಸಂತ ಲೂಕರನ್ನು ನೆನೆಯೋಣ. ಅವರು ತಮ್ಮ ಗ್ರಂಥವನ್ನು ಆರಂಭಿಸುವುದು ಒಬ್ಬನೇ ಒಬ್ಬ ಓದುಗನನ್ನು ಹೆಸರಿಟ್ಟು ಕರೆಯುವುದರಿಂದ. ಅವನೇ ಥೆಯೊಫಿಲ, ಅಂದರೆ 'ದೇವರಿಗೆ ಪ್ರಿಯನಾದವನು'. ಅವನು ಕಲಿತ ಬೋಧನೆ ಅವನಲ್ಲಿ ದೃಢವಾಗಲಿ ಎಂಬುದೊಂದೇ ಲೂಕರ ಆಸೆ. ಒಬ್ಬನಿಗೆಂದು ಬರೆದುದು ಇಂದು ಲೋಕಕ್ಕೆಲ್ಲ ಶುಭಸಂದೇಶವಾಗಿದೆ.

ಈಗ ಫ್ರಾನ್ಸಿಸ್ ಡಿ ಸೇಲ್ಸ್ ಅವರ ಕಥೆಗೆ ಬರೋಣ. ಇಂದಿನ ಫ್ರಾನ್ಸಿನಲ್ಲಿರುವ ಸವೋಯ್ ನಾಡಿನಲ್ಲಿ 1567ರಲ್ಲಿ ಜನಿಸಿದ ಅವರು 1593ರ ಡಿಸೆಂಬರಿನಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷದ ಸೆಪ್ಟೆಂಬರಿನಲ್ಲಿ, 27ರ ಹರೆಯದಲ್ಲಿ, ಜಿನೀವಾ ಸರೋವರದ ದಕ್ಷಿಣ ದಂಡೆಯ ಶಾಬ್ಲೆ ಪ್ರದೇಶಕ್ಕೆ ಸೋದರ ಸಂಬಂಧಿಯಾದ ಲೂಯಿ ಅವರೊಡನೆ ಹೊರಟರು. ಆ ಸೀಮೆ 1536ರಿಂದ ಸುಧಾರಣಾ ಪಂಥದ ಕಡೆಗೆ ತಿರುಗಿತ್ತು. ಅಲ್ಲಾಂಜ್ ಕೋಟೆಯಲ್ಲಿ ತಂಗುವುದು, ಅಲ್ಲಿಂದ ತೊನೊನ್ ಪಟ್ಟಣಕ್ಕೆ ನಡೆದು ಹೋಗಿ ಬೋಧಿಸಿ ಹಿಂದಿರುಗುವುದು, ಇದು ಅವರ ನಿತ್ಯದ ಕಾಯಕ. ಆಲ್ಪ್ಸ್ ಪರ್ವತದ ಚಳಿಗಾಲ, ಹಿಮ ಬಿದ್ದ ದಾರಿ, ದಾರಿಯಲ್ಲಿ ಪ್ರಾಣಭಯ. ಇಷ್ಟೆಲ್ಲ ಪಟ್ಟರೂ ಕೇಳಲು ಬರುತ್ತಿದ್ದವರು ಬೆರಳೆಣಿಕೆಯ ಮಂದಿ. ಅವರ ಪ್ರಸಂಗಕ್ಕೆ ಹೋದದ್ದು ನೆರೆಹೊರೆಗೆ ತಿಳಿದೀತೆಂದು ಊರಿನವರು ಅಂಜುತ್ತಿದ್ದರು.

ತಿಂಗಳುಗಳು ಹೀಗೆ ಕಳೆದವು. 1595ರ ಜನವರಿಯಲ್ಲಿ ಫ್ರಾನ್ಸಿಸರು ಲೇಖನಿ ಹಿಡಿದರು. ಜನ ನಮ್ಮ ಬಳಿಗೆ ಬಾರದಿದ್ದರೆ ಮಾತನ್ನೇ ಅವರ ಮನೆಗೆ ಕಳುಹಿಸೋಣ ಎಂಬುದು ಅವರ ನಿರ್ಧಾರ. ತೊನೊನ್ ಪಟ್ಟಣದ ನಾಗರಿಕರನ್ನು ಸಂಬೋಧಿಸಿ, ವಿಶ್ವಾಸದ ಒಂದೊಂದು ಪ್ರಶ್ನೆಯನ್ನೂ ಬಿಡಿಸಿ ಹೇಳುವ ಹಾಳೆಗಳನ್ನು ಬರೆದರು. ಅದರ ಪ್ರತಿಗಳು ಕೈಯಿಂದ ಕೈಗೆ ಸಾಗಿದವು. ಮುಚ್ಚಿದ ಬಾಗಿಲುಗಳ ಸಂದಿಯಲ್ಲೂ ತೂರಿದವು ಎಂದು ಪರಂಪರೆ ಹೇಳುತ್ತದೆ. ಬರಹವನ್ನು ಮನೆಗೆ ಒಯ್ಯಬಹುದು, ಬಿಡುವಾಗಿ ಪರಿಶೀಲಿಸಬಹುದು ಎಂಬುದನ್ನು ಅವರು ಚೆನ್ನಾಗಿ ಅರಿತಿದ್ದರು.

ಶಾಬ್ಲೆಯ ಹೆಚ್ಚಿನ ಜನರು 1598ರ ವೇಳೆಗೆ ಕಥೋಲಿಕ ಧರ್ಮಸಭೆಗೆ ಮರಳಿದರು. ಅದರಲ್ಲಿ ಸವೋಯ್ ದೊರೆಯ ರಾಜಕೀಯ ಒತ್ತಾಸೆಯೂ ಇತ್ತೆಂಬುದನ್ನು ನಾವು ಮರೆಮಾಚಬೇಕಿಲ್ಲ. ಇಂದು ನಮ್ಮ ಪ್ರಾಟೆಸ್ಟೆಂಟ್ ಸಹೋದರರೊಡನೆ ಕುಳಿತು ಪ್ರಾರ್ಥಿಸುವ ನಮಗೆ ಆ ಕಾಲದ ಗೆಲುವು ಸೋಲುಗಳ ಲೆಕ್ಕ ಮುಖ್ಯವಲ್ಲ. ಮುಖ್ಯವಾದುದು ಇಷ್ಟೇ: ಖಾಲಿ ಆಸನಗಳನ್ನು ಕಂಡು ಅವರ ಮಾತು ಬತ್ತಲಿಲ್ಲ. ಆ ಹಾಳೆಗಳಿಂದ ಅವರು ಹೆಸರು ಬಯಸಲೂ ಇಲ್ಲ. ಅವು ಗ್ರಂಥರೂಪದಲ್ಲಿ ಅಚ್ಚಾದದ್ದು 1672ರಲ್ಲಿ, ಅವರು ದೈವಾಧೀನರಾಗಿ 50 ವರ್ಷಗಳಾದ ಮೇಲೆ.

1602ರಲ್ಲಿ ಅವರು ಜಿನೀವಾದ ಧರ್ಮಾಧ್ಯಕ್ಷರಾದರು. ಆ ನಗರದೊಳಗೆ ಅವರಿಗೆ ನೆಲೆಯಿರಲಿಲ್ಲವಾದ್ದರಿಂದ ಆನ್ಸಿ ಪಟ್ಟಣದಲ್ಲಿದ್ದುಕೊಂಡು ಸೇವೆ ಸಲ್ಲಿಸಿದರು. ಬಿಡುವಿಲ್ಲದ ದುಡಿಮೆಯ ನಡುವೆ ಪತ್ರಗಳನ್ನು ಬರೆಯುತ್ತಲೇ ಇದ್ದರು. ಅವುಗಳಲ್ಲಿ ಎರಡು ಸಾವಿರದಷ್ಟು ಇಂದಿಗೂ ಉಳಿದಿವೆ. ಲೂಯಿಸ್ ಡಿ ಶಾರ್ಮ್ವಾಜಿ ಎಂಬ ಗೃಹಿಣಿಯೊಬ್ಬಳು ಸಂಸಾರದ ನಡುವೆ ಇದ್ದು ದೇವರನ್ನು ಪ್ರೀತಿಸುವುದು ಹೇಗೆಂದು ಮಾರ್ಗದರ್ಶನ ಬಯಸಿದಾಗ, ಆಕೆಗೆಂದು ಉಪದೇಶದ ಟಿಪ್ಪಣಿಗಳನ್ನು ಬರೆದುಕೊಟ್ಟರು. ಅವುಗಳನ್ನು ಕಂಡ ಯೇಸುಸಭೆಯ ಗುರುವೊಬ್ಬರು ಅಚ್ಚು ಹಾಕಿಸಲೇಬೇಕೆಂದು ಒತ್ತಾಯಿಸಿದರು. 1609ರಲ್ಲಿ ಬೆಳಕಿಗೆ ಬಂದ 'ಭಕ್ತಿಜೀವನಕ್ಕೆ ಪ್ರವೇಶ' ಎಂಬ ಪ್ರಸಿದ್ಧ ಗ್ರಂಥ ಹುಟ್ಟಿದ್ದು ಹೀಗೆ. ಅದರಲ್ಲಿ ಅವರು ಓದುಗಳನ್ನು 'ಫಿಲೊಥೆಯಾ' ಎಂದು ಕರೆಯುತ್ತಾರೆ. ದೇವರನ್ನು ಪ್ರೀತಿಸುವವಳು ಎಂದು ಅದರ ಅರ್ಥ. ಲೂಕರ ಥೆಯೊಫಿಲನಿಗೆ ಈಕೆ ತಂಗಿಯಿದ್ದಂತೆ! ಹೆಣ್ಣಿಗೆ ಹೇಳಿದ ಉಪದೇಶವನ್ನು ತಾವೇಕೆ ಓದಬೇಕು ಎಂದು ಹಲವು ಗಂಡಸರು ಹಿಂಜರಿಯುತ್ತಿದ್ದುದು ಅವರ ಕಿವಿಗೆ ಬಿತ್ತು. ಅದಕ್ಕೂ ಅವರು ಬೇಸರಿಸಲಿಲ್ಲ. 1616ರಲ್ಲಿ ಹೊರಬಂದ 'ದೇವಪ್ರೀತಿ'ಯ ಕುರಿತ ಗ್ರಂಥದಲ್ಲಿ ಓದುಗನಿಗೆ 'ಥೆಯೊತಿಮ' ಎಂಬ ಗಂಡು ಹೆಸರನ್ನಿಟ್ಟರು.

ಅದೇ 1616ರಲ್ಲಿ ನಮ್ಮ ನೆರೆಯ ಗೋವೆಯಲ್ಲೂ ಒಂದು ಮಹಾಗ್ರಂಥ ಅಚ್ಚಾಯಿತು. ಅದೇ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸ್ ಅವರ 'ಕ್ರಿಸ್ತಪುರಾಣ'. ಇಂಗ್ಲೆಂಡಿನಲ್ಲಿ ಹುಟ್ಟಿದ ಅವರು 1579ರ ಅಕ್ಟೋಬರಿನಲ್ಲಿ ಗೋವೆಗೆ ಬಂದಿಳಿದರು. ಈ ನೆಲದ ಭಾಷೆಗಳ ಸೊಗಸಿಗೆ ಮಾರುಹೋಗಿ, ಅವುಗಳ ರಚನೆ ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ಹೋಲುತ್ತದೆ ಎಂದು 1583ರಲ್ಲೇ ತಮ್ಮ ಅಣ್ಣತಮ್ಮಂದಿರಲ್ಲೊಬ್ಬರಿಗೆ ಪತ್ರ ಬರೆದಿದ್ದರು. ಸಾಸಷ್ಟಿಯ ಹೊಸ ಕ್ರೈಸ್ತರಿಗೆ ಅಂದು ಒಂದು ಕೊರಗಿತ್ತು. ಹಳೆಯ ಪುರಾಣಗಳನ್ನು ಅವರಿಂದ ಬಿಡಿಸಲಾಗಿತ್ತು. ಅದರ ಜಾಗದಲ್ಲಿ ಹಾಡಿ ಕೇಳಲು ಏನೂ ಇರಲಿಲ್ಲ. ಹಿಂದಿನದನ್ನು ಬೇಡವೆಂದಿರಿ, ಅಂಥದೇ ಒಂದನ್ನು ನಮಗೇಕೆ ಮಾಡಿಕೊಡಬಾರದು ಎಂದು ಅವರಲ್ಲೊಬ್ಬ ಕೇಳಿದ ಪ್ರಸಂಗ ಆ ಪುರಾಣದಲ್ಲೇ ಬರುತ್ತದೆ. ಆ ಬೇಡಿಕೆಗೆ ಉತ್ತರವಾಗಿ ಸ್ಟೀಫನ್ಸರು ಹಳೆಯ ಹಾಗೂ ಹೊಸ ಒಡಂಬಡಿಕೆಗಳ ಕಥೆಯನ್ನು ಕೊಂಕಣಿ ಬೆರೆತ ಮರಾಠಿಯಲ್ಲಿ, ಜನ ಬಲ್ಲ ಓವಿ ಛಂದಸ್ಸಿನಲ್ಲಿ, ಸುಮಾರು 11,000 ಪದ್ಯಗಳಾಗಿ ಹಾಡಿದರು.

ಆ ಪುರಾಣವು 1649ರಲ್ಲೂ 1654ರಲ್ಲೂ ಮರುಮುದ್ರಣಗೊಂಡಿತು. ಆದರೆ ಈ ಮೂರೂ ಮುದ್ರಣಗಳ ಒಂದು ಪ್ರತಿಯೂ ಇಂದು ದೊರೆತಿಲ್ಲ. 1684ರಲ್ಲಿ ಪೋರ್ತುಗೀಸ್ ಆಡಳಿತವು ಸ್ಥಳೀಯ ಭಾಷೆಯನ್ನು ಅಡಗಿಸಲು ಆಜ್ಞೆ ಹೊರಡಿಸಿತು. ಅಚ್ಚಿನ ಪುಸ್ತಕ ಕಣ್ಮರೆಯಾದರೂ ಕೈಬರಹದ ಪ್ರತಿಗಳು ಉಳಿದವು. ಗೋವೆಯಿಂದ ಕೆನರಾ ಸೀಮೆಗೆ ಬಂದು ನೆಲೆಸಿದ್ದ ಕೊಂಕಣಿ ಕ್ರೈಸ್ತರ ಮನೆಗಳಲ್ಲೂ ಅದನ್ನು ಓದುತ್ತಿದ್ದರು. ಅಂತಹ ಹಸ್ತಪ್ರತಿಗಳ ಆಧಾರದಿಂದ ಜೆ.ಎಲ್. ಸಲ್ಡಾನಾ ಅವರು 1907ರಲ್ಲಿ ನಮ್ಮ ಮಂಗಳೂರಿನಲ್ಲೇ ಅದನ್ನು ಮತ್ತೆ ಅಚ್ಚು ಹಾಕಿಸಿದರು. ಒಂದು ಬರಹದ ಆಯುಸ್ಸನ್ನು ಅಳೆಯುವವರು ಅಚ್ಚುಮನೆಯವರೂ ಅಲ್ಲ, ಅರಸರೂ ಅಲ್ಲ. ರಾತ್ರಿ ದೀಪದ ಮುಂದೆ ಕುಳಿತು ಪುಟಪುಟವನ್ನೂ ನಕಲು ಮಾಡಿಕೊಂಡ ಹೆಸರಿಲ್ಲದ ಭಕ್ತರು!

ಈ ಇಬ್ಬರ ಬಾಳಿನಿಂದ ನಾವು ಕಲಿಯುವುದೇನು? ಸ್ಫೂರ್ತಿ ಎಂಬುದು ಆಕಾಶದಿಂದ ತಾನಾಗಿ ಉದುರಲೆಂದು ಕಾದು ಕುಳಿತರೆ ಅದು ಬರುವುದಿಲ್ಲ. ಫ್ರಾನ್ಸಿಸರಿಗೆ ಅದು ಮುಚ್ಚಿದ ಬಾಗಿಲಿನ ಹಿಂದೆ ಅಂಜಿ ಕುಳಿತವರಿಂದ ಬಂತು. ಸ್ಟೀಫನ್ಸರಿಗೆ ಹಸಿದ ಕಿವಿಗಳಿಂದ ಬಂತು. ಪವಿತ್ರಾತ್ಮರು ಲೇಖಕನನ್ನು ಮುಟ್ಟುವುದು ಹೆಚ್ಚಾಗಿ ಓದುಗನ ಕೈಯಿಂದಲೇ.

ಹಾಗಾದರೆ ನಮ್ಮ ಥೆಯೊಫಿಲ ಯಾರು? ಗಂಡನನ್ನು ಕಳೆದುಕೊಂಡು, ದೇವರ ಮೇಲೆ ಮುನಿಸಿಕೊಂಡು ಕೊನೆಯ ಬೆಂಚಿನಲ್ಲಿ ಕೂರುವ ತಾಯಿ. ಕೆಲಸ ಸಿಗದೆ ಪೂಜೆಗೆ ಬರುವುದನ್ನೇ ಬಿಟ್ಟ ತರುಣ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಆಡುತ್ತ, ಯಾವುದರಲ್ಲೂ ಪ್ರಾರ್ಥಿಸಲು ಬಾರದ ಮಗು. ಇವರ ನೋವಿಗೆ ಪರದೇಶದ ಪ್ರಬೋಧನೆಯ ಅವಸರದ ಅನುವಾದ ಸಾಲದು. ಕೀರ್ತನೆ, ತತ್ವಪದ, ಹರಿಕಥೆಗಳನ್ನು ಕೇಳಿ ಬೆಳೆದ ಕಿವಿಗೆ ತನ್ನದೇ ದನಿಯಲ್ಲಿ ಯೇಸುಸ್ವಾಮಿಯ ಕಥೆ ಕೇಳಬೇಕಾಗಿದೆ. ಅದನ್ನು ನಾವು ಬರೆಯದಿದ್ದರೆ ನಮಗಾಗಿ ಬೇರೆ ಯಾರೂ ಬರೆದುಕೊಡುವುದಿಲ್ಲ.

1923ರಲ್ಲಿ ಹನ್ನೊಂದನೆಯ ಪಯಸ್ ಜಗದ್ಗುರುಗಳು ಫ್ರಾನ್ಸಿಸ್ ಡಿ ಸೇಲ್ಸ್ ಅವರನ್ನು ಲೇಖಕರ ಪಾಲಕರೆಂದು ಸಾರಿದಾಗ, ಸತ್ಯವನ್ನು ಬಿಟ್ಟುಕೊಡದೆ ಪ್ರೀತಿಯನ್ನೂ ಮರೆಯದೆ ಬರೆಯುವ ಅವರ ರೀತಿಯನ್ನು ನಮ್ಮ ಮುಂದಿಟ್ಟರು. ಪೋಪ್ ಫ್ರಾನ್ಸಿಸ್ ಅವರು 2023ರ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಹೃದಯದಿಂದ ಮಾತನಾಡಿರೆಂದು ಕರೆಕೊಟ್ಟಾಗಲೂ ಇದೇ ಸಂತರನ್ನು ನೆನೆದರು.

ಪ್ರಿಯರೇ, ಈ ವಾರ ಬರೆಯಲು ಕೂರುವ ಮುನ್ನ ನಮ್ಮ ಧರ್ಮಕೇಂದ್ರದ ಯಾರಾದರೊಬ್ಬರ ಹೆಸರನ್ನು ದೇವರ ಸನ್ನಿಧಿಯಲ್ಲಿ ನೆನೆದು, ಅವರಿಗಾಗಿ ಮೊದಲ ಸಾಲು ಬರೆಯೋಣ. ಓದುವವರು ಒಬ್ಬರೇ ಆದರೂ ಸಾಕು. ಸಂತ ಫ್ರಾನ್ಸಿಸ್ ಡಿ ಸೇಲ್ಸ್ ಅವರ ಪ್ರಾರ್ಥನೆಯ ಫಲವಾಗಿ ಪ್ರಭು ನಮ್ಮ ಲೇಖನಿಗಳನ್ನು ಹರಸಲಿ. ಆಮೆನ್.